ದಾರಿತಪ್ಪಿದ ಬೆಳಕು ಮತ್ತು ಪತಂಗದ ಕಣ್ಣು: ಒಂದು ವಿಮರ್ಶೆ

ರಾತ್ರಿಯ ಹೊತ್ತು ಬೀದಿದೀಪವೂ ಸೇರುವಂತೆ ತೆಗೆದ ಫೋಟೋದಲ್ಲಿ, ದೀಪಕ್ಕೆ ಎದುರಿನ ಮೂಲೆಯಲ್ಲಿ ಹಸಿರು ಚುಕ್ಕೆಯೊಂದು ಕಾಣಿಸಿಕೊಳ್ಳುವುದುಂಟು. ಸೂರ್ಯನಿಗೆ ಎದುರಾಗಿ ತೆಗೆದ ಚಿತ್ರದಲ್ಲಿ ಬಹುಭುಜಾಕೃತಿಯ ಮಚ್ಚೆಗಳ ಸಾಲು ಮೂಡಿರುತ್ತದೆ. ಇನ್ನು ಕೆಲವೊಮ್ಮೆ ಮಚ್ಚೆ ಏನೂ ಇಲ್ಲದಿದ್ದರೂ ಇಡೀ ಚಿತ್ರದ ಮೇಲೆ ತೆಳ್ಳಗೆ ಹಾಲು ಬಳಿದಂತಾಗಿ, ಕಪ್ಪಾಗಿರಬೇಕಾದದ್ದೆಲ್ಲ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಈ ಮೂರಕ್ಕೂ ಕಾರಣ ಒಂದೇ. ಬಿಂಬ ಮೂಡಿಸುವ ದಾರಿಯನ್ನು ಬಿಟ್ಟು, ಬೇರೆ ದಾರಿ ಹಿಡಿದು ಕ್ಯಾಮೆರಾದ ಸಂವೇದಕಕ್ಕೆ ಬಂದು ಬಿದ್ದ ಬೆಳಕು ಅದು. ಅದನ್ನು 'ದಾರಿತಪ್ಪಿದ ಬೆಳಕು' ಎಂದು ಕರೆಯೋಣ.

ಈ ತೊಂದರೆಗೆ ಕಳೆದ ಎರಡು ದಶಕಗಳಿಂದ ಒಂದು ಪರಿಹಾರ ಬಹಳ ಪ್ರಚಾರದಲ್ಲಿದೆ. ಮಸೂರದ ಮೇಲ್ಮೈಯನ್ನು ನುಣುಪಾಗಿ ಬಿಡುವ ಬದಲು ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳನ್ನು ಮೂಡಿಸುವುದೇ ಆ ಪರಿಹಾರ. ಇದರ ಜೊತೆಗೆ ಒಂದು ಸೊಗಸಾದ ಕಥೆಯೂ ಇದೆ: ಇರುಳಿನಲ್ಲಿ ಹಾರಾಡುವ ಪತಂಗದ ಕಣ್ಣಿನ ಮೇಲೆ ಇಂಥ ಉಬ್ಬುಗಳಿವೆ, ಎಂಜಿನಿಯರುಗಳು ಅದನ್ನು ನೋಡಿ ಕಲಿತರು, ಮಸೂರದ ಪ್ರತಿಫಲನ ಮಾಯವಾಯಿತು. ಜಾಹೀರಾತುಗಳಲ್ಲಿ, ಜನಪ್ರಿಯ ವಿಜ್ಞಾನ ಲೇಖನಗಳಲ್ಲಿ, ವಿದ್ಯಾರ್ಥಿಗಳ ಸೆಮಿನಾರುಗಳಲ್ಲಿ ಈ ಕಥೆ ಹೆಚ್ಚು ಕಡಿಮೆ ಇದೇ ರೂಪದಲ್ಲಿ ಓಡಾಡುತ್ತಿದೆ.

ಈ ವಿವರಣೆಯಲ್ಲಿ ಮೂರು ಹೇಳಿಕೆಗಳು ಅಡಗಿವೆ. ಒಂದು, ಈ ತತ್ತ್ವವನ್ನು ನಾವು ಪತಂಗದಿಂದ ಕಲಿತೆವು. ಎರಡು, ಒರಟು ಮಾಡಿದರೆ ಪ್ರತಿಫಲನ ಹೋಗುತ್ತದೆ. ಮೂರು, ಪ್ರತಿಫಲನ ಹೋದರೆ ದಾರಿತಪ್ಪಿದ ಬೆಳಕಿನ ಸಮಸ್ಯೆ ಮುಗಿಯುತ್ತದೆ. ಮೊದಲನೆಯದು ಭಾಗಶಃ ನಿಜ. ಎರಡನೆಯದು ಒಂದು ಮುಖ್ಯ ಷರತ್ತಿಗೆ ಒಳಪಟ್ಟು ನಿಜ. ಮೂರನೆಯದು ತಪ್ಪು. ತಂತ್ರಜ್ಞಾನ ಒಳ್ಳೆಯದೇ ಆದರೂ ಅದರ ಬಗ್ಗೆ ತರಗತಿಯಲ್ಲಿ ಹೇಳುವ ಮಾತು ಅಷ್ಟೇ ಒಳ್ಳೆಯದಾಗಿರಬೇಕು ಎಂಬ ಕಾರಣಕ್ಕೆ ಇವುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಶೇಕಡ ನಾಲ್ಕರ ಲೆಕ್ಕ

ಬೆಳಕು ಗಾಳಿಯಿಂದ ಗಾಜಿಗೆ ಲಂಬವಾಗಿ ಪ್ರವೇಶಿಸುವಾಗ ಎಷ್ಟು ಭಾಗ ಪ್ರತಿಫಲಿಸುತ್ತದೆ ಎಂಬುದನ್ನು ಫ್ರೆನೆಲ್ ಸೂತ್ರ ತಿಳಿಸುತ್ತದೆ. ಗಾಜಿನ ವಕ್ರೀಭವನ ಸೂಚ್ಯಂಕದಿಂದ 1ನ್ನು ಕಳೆಯಿರಿ. ಅದೇ ಸೂಚ್ಯಂಕಕ್ಕೆ 1ನ್ನು ಕೂಡಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ವರ್ಗ ಮಾಡಿ. ಸೂಚ್ಯಂಕ 1.5 ಇರುವ ಸಾಮಾನ್ಯ ಗಾಜಿಗೆ ಉತ್ತರ 0.04, ಅಂದರೆ ಶೇಕಡ 4. ಆಧುನಿಕ ಮಸೂರಗಳಲ್ಲಿ ಬಳಸುವ 1.8 ಸೂಚ್ಯಂಕದ ಗಾಜಿಗೆ ಇದು ಶೇಕಡ 8.2ಕ್ಕೆ ಏರುತ್ತದೆ.

ಶೇಕಡ 4 ಸಣ್ಣ ಅಂಕಿ ಎನಿಸಬಹುದು. ಆದರೆ ಒಂದು ಜೂಮ್ ಲೆನ್ಸಿನಲ್ಲಿ ಹದಿನೈದು ಬಿಡಿ ಮಸೂರಗಳಿವೆ ಎಂದುಕೊಳ್ಳೋಣ. ಗಾಳಿಗೆ ತೆರೆದ ಮೇಲ್ಮೈಗಳು ಒಟ್ಟು 30. ಪ್ರತಿಯೊಂದರಲ್ಲೂ ಶೇಕಡ 96 ಮಾತ್ರ ಮುಂದೆ ಸಾಗಿದರೆ ಕೊನೆಗೆ ಉಳಿಯುವುದು 0.96ರ ಮೂವತ್ತನೆಯ ಘಾತ, ಅಂದರೆ ಶೇಕಡ 29ರಷ್ಟು. ಉಳಿದ ಬೆಳಕು ನಾಶವಾಗುವುದಿಲ್ಲ. ಬಹುಪಾಲು ಬಂದ ದಾರಿಗೇ ಹಿಂತಿರುಗುತ್ತದೆ. ಹಾಗೆ ಹಿಂತಿರುಗುವಾಗ ಮತ್ತೊಂದು ಮೇಲ್ಮೈಗೆ ಬಡಿದು ಪುನಃ ಸಂವೇದಕದ ಕಡೆಗೆ ತಿರುಗುವ ಭಾಗವೇ ನಮಗೆ ತೊಂದರೆ ಕೊಡುವಂಥದ್ದು. ಹೀಗೆ ಎರಡು ಸಲ ಪ್ರತಿಫಲಿಸಿದ ಬೆಳಕು ಹುಸಿಬಿಂಬವನ್ನು ಮೂಡಿಸುತ್ತದೆ. 30 ಮೇಲ್ಮೈಗಳಿಂದ ಎರಡೆರಡನ್ನು ಆಯ್ದರೆ 435 ಜೋಡಿಗಳಾಗುತ್ತವೆ. ಅಂದರೆ 435 ಹುಸಿಬಿಂಬಗಳಿಗೆ ಅವಕಾಶವಿದೆ.

ಈ ಲೆಕ್ಕದ ತಿರುಳು ಇಲ್ಲಿದೆ. ಒಂದು ಹುಸಿಬಿಂಬದ ಪ್ರಬಲತೆ ಎರಡು ಪ್ರತಿಫಲನಗಳ ಗುಣಲಬ್ಧ. ಮೇಲ್ಮೈಯ ಪ್ರತಿಫಲನ ಶೇಕಡ 4 ಆಗಿದ್ದರೆ ಅದು ಶೇಕಡ 0.16. ದಾರಿಯ ನಷ್ಟಗಳನ್ನು ಬಿಟ್ಟು, ಎಲ್ಲ ಜೋಡಿಗಳೂ ಸಂವೇದಕವನ್ನು ಮುಟ್ಟುತ್ತವೆ ಎಂದು ಒರಟಾಗಿ ಅಂದಾಜಿಸಿದರೆ, 435 ಹುಸಿಬಿಂಬಗಳ ಮೊತ್ತ ಮುಖ್ಯ ಬಿಂಬದ ಶೇಕಡ 70ರಷ್ಟಾಗುತ್ತದೆ. ಪ್ರತಿಫಲನವನ್ನು ಶೇಕಡ 0.5ಕ್ಕೆ ಇಳಿಸಿದರೆ ಇದೇ ಮೊತ್ತ ಶೇಕಡ 1.1ಕ್ಕೆ ಬೀಳುತ್ತದೆ. ಶೇಕಡ 0.1ಕ್ಕೆ ಇಳಿಸಿದರೆ ಶೇಕಡ 0.04. ಶೇಕಡ 0.5ರಿಂದ 0.1ಕ್ಕೆ ಬಂದಾಗ ಲೆನ್ಸಿನ ಮೂಲಕ ಹಾಯುವ ಬೆಳಕು ಶೇಕಡ 86ರಿಂದ 97ಕ್ಕೆ ಏರುತ್ತದೆ ಅಷ್ಟೆ. ಆದರೆ ಹುಸಿಬಿಂಬ ಇಪ್ಪತ್ತೈದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕೊನೆಯ ಅರ್ಧ ಶೇಕಡಕ್ಕಾಗಿ ತಯಾರಕರು ಇಷ್ಟು ಹೆಣಗುವುದು ಏಕೆ ಎಂಬುದಕ್ಕೆ ಉತ್ತರ ಈ ವರ್ಗದ ನಿಯಮದಲ್ಲಿದೆ. ಜನಪ್ರಿಯ ಲೇಖನಗಳು 'ಹೆಚ್ಚು ಬೆಳಕು ಒಳಗೆ ಬರುತ್ತದೆ' ಎಂದಷ್ಟೇ ಹೇಳಿ ಈ ಮುಖ್ಯ ಅಂಶವನ್ನು ಬಿಟ್ಟುಬಿಡುತ್ತವೆ.

ಲೇಪದಿಂದ ಇಳಿಜಾರಿಗೆ

ನಮ್ಮ ಪದವಿಪೂರ್ವ ಮತ್ತು ಪದವಿ ತರಗತಿಗಳಲ್ಲಿ ಪ್ರತಿಫಲನ ತಗ್ಗಿಸುವ ಒಂದೇ ವಿಧಾನವನ್ನು ಕಲಿಸುತ್ತೇವೆ. ಅದು ಕಾಲು ತರಂಗದೂರದ ತೆಳು ಪದರ. ಪದರದ ಮೇಲ್ಭಾಗದಿಂದಲೂ ಕೆಳಭಾಗದಿಂದಲೂ ಪ್ರತಿಫಲಿಸಿದ ಅಲೆಗಳು ಅರ್ಧ ತರಂಗದೂರದಷ್ಟು ಹಿಂದುಮುಂದಾಗಿ ವ್ಯತಿಕರಣದಿಂದ ಪರಸ್ಪರ ರದ್ದಾಗುತ್ತವೆ. ಪೂರ್ತಿ ರದ್ದಾಗಬೇಕಾದರೆ ಪದರದ ಸೂಚ್ಯಂಕ ಗಾಜಿನ ಸೂಚ್ಯಂಕದ ವರ್ಗಮೂಲಕ್ಕೆ ಸಮನಾಗಿರಬೇಕು. 1.5ರ ಗಾಜಿಗೆ ಅದು 1.22. ಇಷ್ಟು ಕಡಿಮೆ ಸೂಚ್ಯಂಕದ ಗಟ್ಟಿಮುಟ್ಟಾದ ಘನವಸ್ತು ಇಲ್ಲ. ಆದ್ದರಿಂದ 1.38 ಸೂಚ್ಯಂಕದ ಮೆಗ್ನೀಸಿಯಮ್ ಫ್ಲೋರೈಡನ್ನು ಬಳಸುತ್ತಾರೆ. ಹಸಿರು ಬೆಳಕಿಗಾದರೆ ಸುಮಾರು 100 ನ್ಯಾನೋಮೀಟರ್ ದಪ್ಪ. ಪ್ರತಿಫಲನ ಶೇಕಡ 4ರಿಂದ 1.4ರ ಸಮೀಪಕ್ಕೆ ಇಳಿಯುತ್ತದೆ. ಹಲವು ಪದರಗಳನ್ನು ಒಂದರ ಮೇಲೊಂದು ಹಾಕಿದರೆ ಇನ್ನೂ ಕಡಿಮೆ ಮಾಡಬಹುದು.

ಆದರೆ ವ್ಯತಿಕರಣವನ್ನು ನಂಬಿದ ಯಾವ ಲೇಪಕ್ಕೂ ಎರಡು ಮಿತಿಗಳಿವೆ. ಅದು ನಿರ್ದಿಷ್ಟ ತರಂಗದೂರಕ್ಕೆ ಹೊಂದಿಸಿದ್ದು. ಉಳಿದ ಬಣ್ಣಗಳಿಗೆ ಅಷ್ಟು ಚೆನ್ನಾಗಿ ಕೆಲಸ ಮಾಡದು. ಲೆನ್ಸಿನ ಮುಖದಲ್ಲಿ ನೇರಳೆ ಅಥವಾ ಹಸಿರು ಛಾಯೆ ಕಾಣುವುದು ಈ ಕಾರಣಕ್ಕೆ. ಎರಡನೆಯದಾಗಿ, ಬೆಳಕು ಓರೆಯಾಗಿ ಬಿದ್ದಾಗ ಪದರದೊಳಗಿನ ಪಥಾಂತರ ಬದಲಾಗಿ ಹೊಂದಾಣಿಕೆ ತಪ್ಪುತ್ತದೆ. ವಿಶಾಲ ಕೋನದ ಲೆನ್ಸುಗಳಲ್ಲಿ ಮಸೂರಗಳು ಬಟ್ಟಲಿನಂತೆ ಬಾಗಿರುವುದರಿಂದ ಅಂಚಿನಲ್ಲಿ ಕಿರಣಗಳು ಬಹಳ ಓರೆಯಾಗಿಯೇ ಬೀಳುತ್ತವೆ.

ಇಲ್ಲಿಗೆ ಇನ್ನೊಂದು ದಾರಿ ಬರುತ್ತದೆ. ಪ್ರತಿಫಲನಕ್ಕೆ ಮೂಲ ಕಾರಣ ಸೂಚ್ಯಂಕದಲ್ಲಿ ಆಗುವ ಹಠಾತ್ ಜಿಗಿತ. ಗಾಳಿಯ 1ರಿಂದ ಗಾಜಿನ 1.5ಕ್ಕೆ ಒಂದೇ ಮೆಟ್ಟಿಲು. ಮೆಟ್ಟಿಲಿನ ಜಾಗದಲ್ಲಿ ಇಳಿಜಾರು ಇದ್ದರೆ? ಸೂಚ್ಯಂಕ ನಿಧಾನವಾಗಿ ಏರುತ್ತ ಹೋದರೆ ಪ್ರತಿಫಲನ ಕುಗ್ಗುತ್ತದೆ ಎಂಬುದನ್ನು ಲಾರ್ಡ್ ರ‍್ಯಾಲಿ 1880ರ ಸುಮಾರಿಗೇ ಗಣಿತದಿಂದ ತೋರಿಸಿದ್ದರು. ತರಗತಿಯಲ್ಲಿ ಇದನ್ನು ಹಗ್ಗದಿಂದ ವಿವರಿಸಬಹುದು. ತೆಳು ಹಗ್ಗವನ್ನು ದಪ್ಪ ಹಗ್ಗಕ್ಕೆ ಗಂಟು ಹಾಕಿ ಒಂದು ತುದಿಯನ್ನು ಕೊಡವಿದರೆ ಅಲೆಯ ಒಂದು ಭಾಗ ಗಂಟಿನಿಂದ ವಾಪಸು ಬರುತ್ತದೆ. ಹಗ್ಗವೇ ಕ್ರಮೇಣ ದಪ್ಪವಾಗುತ್ತ ಹೋದರೆ ಅಲೆಗೆ ವಾಪಸು ಬರಲು ನಿರ್ದಿಷ್ಟ ಜಾಗವೇ ಸಿಗುವುದಿಲ್ಲ.

ಗಾಜಿನ ಮೇಲೆ ಸಣ್ಣ ಶಂಕುಗಳನ್ನು ಒತ್ತೊತ್ತಾಗಿ ನಿಲ್ಲಿಸಿದರೆ ಈ ಇಳಿಜಾರು ಸಿದ್ಧವಾಗುತ್ತದೆ. ಶಂಕುಗಳ ತುದಿಯ ಮಟ್ಟದಲ್ಲಿ ಬಹುಪಾಲು ಗಾಳಿ, ಬುಡದ ಮಟ್ಟದಲ್ಲಿ ಬಹುಪಾಲು ಗಾಜು. ಶಂಕುಗಳ ನಡುವಿನ ಅಂತರ ತರಂಗದೂರಕ್ಕಿಂತ ಸಾಕಷ್ಟು ಕಡಿಮೆ ಇದ್ದರೆ ಬೆಳಕಿಗೆ ಒಂದೊಂದು ಶಂಕು ಬೇರೆಯಾಗಿ ತೋರುವುದಿಲ್ಲ. ಆಯಾ ಮಟ್ಟದಲ್ಲಿ ಗಾಳಿ ಮತ್ತು ಗಾಜುಗಳ ಸರಾಸರಿ ಮಾತ್ರ ಅದಕ್ಕೆ ಲೆಕ್ಕ. ಇಲ್ಲಿ ಕೆಲಸ ಮಾಡುವುದು ಒಂದು ತರಂಗದೂರಕ್ಕೆ ಹೊಂದಿಸಿದ ರದ್ದತಿ ಅಲ್ಲವಾದ್ದರಿಂದ ಎಲ್ಲ ಬಣ್ಣಗಳಿಗೂ, ಓರೆ ಕಿರಣಗಳಿಗೂ ಇದು ಹೆಚ್ಚು ಸಮನಾಗಿ ಅನ್ವಯಿಸುತ್ತದೆ.

ಉಜ್ಜಿದ ಗಾಜು ಬೆಳ್ಳಗೇಕೆ?

ಇಷ್ಟು ಹೇಳಿದ ಮೇಲೆ ಚುರುಕಾದ ವಿದ್ಯಾರ್ಥಿಯೊಬ್ಬ ಕೇಳಬೇಕಾದ ಪ್ರಶ್ನೆಯಿದೆ. 'ಮರಳು ಕಾಗದದಿಂದ ಉಜ್ಜಿದ ಗಾಜೂ ಒರಟೇ ತಾನೆ? ಅದು ಪಾರದರ್ಶಕವಾಗುವ ಬದಲು ಬೆಳ್ಳಗೆ ಮಸುಕಾಗುವುದೇಕೆ?' ಈ ಪ್ರಶ್ನೆಗೆ ಉತ್ತರಿಸದ ಯಾವ ವಿವರಣೆಯೂ ಪೂರ್ಣವಲ್ಲ. 'ಒರಟು ಮಾಡಿದರೆ ಪ್ರತಿಫಲನ ಹೋಗುತ್ತದೆ' ಎಂಬ ಹೇಳಿಕೆಗೆ ಇರುವ ಷರತ್ತು ಇಲ್ಲಿಯೇ ಅಡಗಿದೆ. ಅದು ಗಾತ್ರದ ಷರತ್ತು.

ಮೇಲ್ಮೈಯ ಒರಟುತನದಲ್ಲಿ ಮೂರು ಅಳತೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಉಬ್ಬುಗಳ ನಡುವಿನ ಅಂತರ 200 ನ್ಯಾನೋಮೀಟರ್ ಸುತ್ತಮುತ್ತ ಇದ್ದರೆ ಬೆಳಕು ಸರಾಸರಿಯನ್ನು ಮಾತ್ರ ಕಾಣುತ್ತದೆ; ಪ್ರತಿಫಲನ ಕಡಿಮೆಯಾಗುತ್ತದೆ, ಪಾರದರ್ಶಕತೆ ಉಳಿಯುತ್ತದೆ. ಅಂತರ ತರಂಗದೂರವನ್ನು ಸಮೀಪಿಸಿ ಒಂದೆರಡು ಮೈಕ್ರೋಮೀಟರ್ ಆದಾಗ ವಿವರ್ತನೆ ಮತ್ತು ಚದರುವಿಕೆ ಆರಂಭವಾಗುತ್ತವೆ. ಉಜ್ಜಿದ ಗಾಜು ಈ ವರ್ಗಕ್ಕೆ ಹಾಗೂ ಇದಕ್ಕಿಂತ ದಪ್ಪ ಒರಟಿಗೆ ಸೇರಿದ್ದು. ಮಿಲಿಮೀಟರ್ ಅಳತೆಗೆ ಬಂದಾಗ ಬೆಳಕು ಪ್ರತಿ ಗೀರಿನ ಗೋಡೆಯನ್ನೂ ಪ್ರತ್ಯೇಕ ಮೇಲ್ಮೈಯಾಗಿ ಕಾಣುತ್ತದೆ. ಅಲ್ಲಿ ನಡೆಯುವುದು ಸಾಧಾರಣ ಕಿರಣ ರೇಖಾಗಣಿತ.

ಷರತ್ತನ್ನು ಅಂಕಿಗಳಲ್ಲಿ ಹೇಳಬಹುದು. ಲಂಬವಾಗಿ ಬಿದ್ದ ಬೆಳಕು ಗಾಜಿನೊಳಗೆ ವಿವರ್ತನೆ ಹೊಂದದಿರಲು ಉಬ್ಬುಗಳ ಅಂತರ, ತರಂಗದೂರವನ್ನು ಗಾಜಿನ ಸೂಚ್ಯಂಕದಿಂದ ಭಾಗಿಸಿದಾಗ ಬರುವ ಬೆಲೆಗಿಂತ ಕಡಿಮೆ ಇರಬೇಕು. 400 ನ್ಯಾನೋಮೀಟರಿನ ನೇರಳೆ ಬೆಳಕಿಗೆ, 1.5ರ ಗಾಜಿನಲ್ಲಿ, ಇದು ಸುಮಾರು 267 ನ್ಯಾನೋಮೀಟರ್. ಬೆಳಕು ಓರೆಯಾದಂತೆ ಮಿತಿ ಇನ್ನಷ್ಟು ಬಿಗಿಯಾಗುತ್ತದೆ. ಮೇಲ್ಮೈಯನ್ನು ಸವರುವಂತೆ ಬರುವ ಕಿರಣಕ್ಕೆ ಸುಮಾರು 160 ನ್ಯಾನೋಮೀಟರಿಗೆ ಇಳಿಯುತ್ತದೆ. ಆಕಾರ ಸ್ವಲ್ಪ ತಪ್ಪಿದರೂ ಪ್ರತಿಫಲನ ತಗ್ಗಿಸಲು ಹಾಕಿದ ಉಬ್ಬುಗಳೇ ಬೆಳಕನ್ನು ಚದರಿಸಿ ಹೊಸ ಮಸುಕನ್ನು ತರಬಲ್ಲವು. ಮದ್ದೇ ರೋಗವಾಗುವ ಈ ಸಾಧ್ಯತೆಯನ್ನು ಪ್ರಚಾರದ ಬರಹಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಪತಂಗದಿಂದ ಕಲಿತದ್ದೆಷ್ಟು?

ಸ್ವೀಡನ್ನಿನ ಕಾರ್ಲ್ ಗುಸ್ತಾಫ್ ಬರ್ನ್‌ಹಾರ್ಡ್ ಮತ್ತು ಸಹೋದ್ಯೋಗಿಗಳು ಕೀಟಗಳ ಸಂಯುಕ್ತ ಕಣ್ಣಿನ ಹೊರಪೊರೆಯ ಮೇಲೆ ಮೊಲೆತೊಟ್ಟಿನಾಕಾರದ ಉಬ್ಬುಗಳ ಸಾಲನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡು 1962ರಲ್ಲಿ ವರದಿ ಮಾಡಿದರು. 1973ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕ್ಲಾಪ್‌ಹ್ಯಾಮ್ ಮತ್ತು ಹಟ್ಲಿ, ಲೇಸರ್ ವ್ಯತಿಕರಣದ ಪಟ್ಟಿಗಳನ್ನು ಬೆಳಕು-ಸಂವೇದಿ ರಾಳದ ಮೇಲೆ ಮೂಡಿಸಿ ಅಂಥದೇ ಮೇಲ್ಮೈಯನ್ನು ಕೃತಕವಾಗಿ ತಯಾರಿಸಿದರು. 'ನೇಚರ್' ಪತ್ರಿಕೆಯಲ್ಲಿ ಬಂದ ಅವರ ಲೇಖನದ ಶೀರ್ಷಿಕೆಯಲ್ಲೇ ಮಸೂರದ ಪ್ರತಿಫಲನದ ಮಾತಿತ್ತು. ಅಷ್ಟರ ಮಟ್ಟಿಗೆ ಪತಂಗದ ಋಣ ನಿಜವಾದದ್ದೇ.

ಆದರೆ ತತ್ತ್ವ ಪತಂಗದಿಂದ ಬಂದದ್ದಲ್ಲ. ರ‍್ಯಾಲಿಯ ಗಣಿತ ಅದಕ್ಕಿಂತ ಎಂಟು ದಶಕ ಹಿಂದಿನದು. ಪ್ರಯೋಗದ ಸುಳಿವು ಇನ್ನೂ ಹಳೆಯದು. ಆಮ್ಲ ತಾಗಿ ಮಂಕಾದ ಗಾಜು ಕಡಿಮೆ ಪ್ರತಿಫಲಿಸುತ್ತದೆ ಎಂಬುದನ್ನು ಫ್ರೌನ್‌ಹೋಫರ್ 1817ರಲ್ಲೇ ಗಮನಿಸಿದ್ದರು. 1890ರ ದಶಕದಲ್ಲಿ ಇಂಗ್ಲೆಂಡಿನ ಲೆನ್ಸ್ ವಿನ್ಯಾಸಕ ಡೆನ್ನಿಸ್ ಟೇಲರ್, ಹಳತಾಗಿ ಬಣ್ಣಗೆಟ್ಟ ಮಸೂರಗಳು ಹೊಸವಕ್ಕಿಂತ ಹೆಚ್ಚು ಬೆಳಕನ್ನು ಹಾಯಿಸುತ್ತವೆ ಎಂದು ಕಂಡುಕೊಂಡರು. ಆಮ್ಲವು ಗಾಜಿನ ಕೆಲವು ಘಟಕಗಳನ್ನು ಕರಗಿಸಿ ತೆಗೆದಾಗ ಮೇಲ್ಮೈಯಲ್ಲಿ ರಂಧ್ರಮಯ ಪದರ ಉಳಿಯುತ್ತದೆ. ಗಾಳಿ ಬೆರೆತ ಆ ಪದರದ ಸೂಚ್ಯಂಕ ಗಾಜಿಗಿಂತ ಕಡಿಮೆ. ಜೈಸ್ ಕಂಪನಿಯ ಸ್ಮಾಕುಲ 1935ರಲ್ಲಿ ನಿರ್ವಾತದಲ್ಲಿ ತೆಳು ಲೇಪ ಹಾಕುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಉದ್ಯಮವು ಲೇಪದ ದಾರಿ ಹಿಡಿಯಿತು.

ಪತಂಗಕ್ಕೆ ಈ ಉಬ್ಬುಗಳು ಏಕೆ ಬೇಕು ಎಂಬುದರಲ್ಲೂ ಕಥೆ ಅವಸರಪಡುತ್ತದೆ. 'ಕತ್ತಲಲ್ಲಿ ಹೆಚ್ಚು ಬೆಳಕು ಪಡೆಯಲು' ಎಂಬುದು ಸಾಮಾನ್ಯ ಉತ್ತರ. ಕಣ್ಣಿನ ಪೊರೆಯ ಪ್ರತಿಫಲನ ಪೂರ್ತಿ ನಿಂತರೂ ಹೆಚ್ಚುವರಿಯಾಗಿ ದೊರೆಯುವ ಬೆಳಕು ಶೇಕಡ 4ರ ಆಸುಪಾಸು ಮಾತ್ರ. ಇರುಳಿನ ಬೆಳಕು ಹಗಲಿಗಿಂತ ಲಕ್ಷಾಂತರ ಪಟ್ಟು ಕಡಿಮೆ ಇರುವಾಗ ಈ ಲಾಭ ಅತ್ಯಲ್ಪ. ಕಣ್ಣು ಹೊಳೆಯದಿದ್ದರೆ ಬೇಟೆಗಾರ ಪ್ರಾಣಿಗೆ ಪತಂಗ ಕಾಣಿಸದು ಎಂಬ ವಿವರಣೆಗೆ ಇದಕ್ಕಿಂತ ಹೆಚ್ಚು ತೂಕವಿದೆ. ಸ್ಟಾವೆಂಗ ಮತ್ತು ಸಹೋದ್ಯೋಗಿಗಳು 2006ರಲ್ಲಿ ಹಗಲಿನಲ್ಲಿ ಹಾರುವ 19 ಜಾತಿಯ ಚಿಟ್ಟೆಗಳನ್ನು ಪರಿಶೀಲಿಸಿದಾಗ ಅವುಗಳಲ್ಲೂ ಹಲವಕ್ಕೆ ಉಬ್ಬುಗಳಿದ್ದವು; ಎತ್ತರ 230 ನ್ಯಾನೋಮೀಟರ್ ವರೆಗೂ ಇತ್ತು. ಬಾಲದ ಚಿಟ್ಟೆಗಳ ಕುಟುಂಬದಲ್ಲಿ ಮಾತ್ರ ಉಬ್ಬುಗಳೇ ಇರಲಿಲ್ಲ. ಇಂಥ ಮೇಲ್ಮೈಗೆ ಧೂಳಿನ ಕಣಗಳು ಸುಲಭವಾಗಿ ಅಂಟವು ಎಂಬುದನ್ನು 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತೋರಿಸಿತು. ಒಂದು ರಚನೆಗೆ ಒಂದೇ ಉದ್ದೇಶವನ್ನು ಗಂಟುಹಾಕುವುದು ಜೀವವಿಜ್ಞಾನದಲ್ಲಿ ಸುಲಭ, ಆದರೆ ಅಪಾಯಕರ.

ಮೂವತ್ತೈದು ವರ್ಷಗಳ ಅಂತರ

1973ರಲ್ಲಿ ಪ್ರಯೋಗಾಲಯದಲ್ಲಿ ಸಾಧ್ಯವಾದದ್ದು ಮಾರಾಟದ ಲೆನ್ಸಿನೊಳಗೆ ಬರಲು ಮೂರು ದಶಕಗಳಿಗಿಂತ ಹೆಚ್ಚು ಬೇಕಾಯಿತು. ಚಪ್ಪಟೆ ತಟ್ಟೆಯ ಮೇಲೆ ಪಟ್ಟಿ ಮೂಡಿಸುವುದು ಬೇರೆ, ಬಟ್ಟಲಿನಂತೆ ಬಾಗಿದ ಗಾಜಿನ ಮೇಲೆ ಅಂಚಿನಿಂದ ಅಂಚಿಗೆ ಒಂದೇ ಎತ್ತರದ ಉಬ್ಬುಗಳನ್ನು ಬೆಳೆಸುವುದು ಬೇರೆ. ಪರಿಹಾರ ದೊರೆತದ್ದು ಕೊರೆಯುವ ಬದಲು ಬೆಳೆಸುವ ವಿಧಾನಗಳಲ್ಲಿ. ಅಲ್ಯೂಮಿನದ ತೆಳು ಪೊರೆಯನ್ನು ಬಿಸಿನೀರಿನಲ್ಲಿ ಅದ್ದಿದರೆ ಅದರ ಮೇಲೆ ಹೂವಿನ ದಳಗಳಂಥ ನ್ಯಾನೋ ರಚನೆ ತಾನಾಗಿ ಎದ್ದು ನಿಲ್ಲುತ್ತದೆ ಎಂಬುದನ್ನು 1990ರ ದಶಕದಲ್ಲಿ ಜಪಾನಿನ ಸಂಶೋಧಕರು ತೋರಿಸಿದ್ದರು. 2008ರಲ್ಲಿ ಕ್ಯಾನನ್ ಕಂಪನಿ ತನ್ನ 24 ಮಿಲಿಮೀಟರ್ ವಿಶಾಲ ಕೋನದ ಲೆನ್ಸಿನಲ್ಲಿ, ಅಲ್ಯೂಮಿನಿಯಮ್ ಆಕ್ಸೈಡಿನಿಂದಾದ ಸುಮಾರು 220 ನ್ಯಾನೋಮೀಟರ್ ಎತ್ತರದ ಬೆಣೆಯಾಕಾರದ ರಚನೆಗಳನ್ನು ಬಳಸಿತು. ಓರೆ ಕಿರಣಗಳ ತೊಂದರೆ ಹೆಚ್ಚಾಗಿರುವ ವಿಶಾಲ ಕೋನದ ಲೆನ್ಸನ್ನೇ ಮೊದಲು ಆರಿಸಿಕೊಂಡದ್ದು ಅರ್ಥಪೂರ್ಣ.

ಇದಕ್ಕಿಂತ ಕೆಲವು ವರ್ಷ ಮುಂಚೆ ಬಂದ ನಿಕಾನ್ ಕಂಪನಿಯ ನ್ಯಾನೋ ಕ್ರಿಸ್ಟಲ್ ಲೇಪವನ್ನೂ ಹಲವರು ಪತಂಗದ ಕಣ್ಣಿನ ಲೆಕ್ಕಕ್ಕೇ ಸೇರಿಸುತ್ತಾರೆ. ಅದು ಸರಿಯಲ್ಲ. ಅದರಲ್ಲಿ ಇರುವುದು ನ್ಯಾನೋ ಕಣಗಳ ನಡುವೆ ಗಾಳಿ ಉಳಿದ, ಸೂಚ್ಯಂಕ ಬಹಳ ಕಡಿಮೆ ಇರುವ ಪದರ. ಅದು ಫ್ರೌನ್‌ಹೋಫರ್ ಕಂಡ ರಂಧ್ರಮಯ ಗಾಜಿನ ವಂಶಕ್ಕೆ ಹತ್ತಿರ. ಒಂದು ಇಳಿಜಾರಿನ ತತ್ತ್ವ, ಇನ್ನೊಂದು ಕಡಿಮೆ ಎತ್ತರದ ಮೆಟ್ಟಿಲಿನ ತತ್ತ್ವ. ಎರಡೂ ಒಳ್ಳೆಯವೇ, ಆದರೆ ವಿದ್ಯಾರ್ಥಿಗೆ ಎರಡರ ಭೇದ ತಿಳಿದಿರಬೇಕು.

ಎರಡಕ್ಕೂ ಒಂದು ಸಮಾನ ದೌರ್ಬಲ್ಯವಿದೆ. ಇವುಗಳನ್ನು ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ಉಬ್ಬುಗಳ ನಡುವೆ ತುಂಬಿಕೊಂಡರೆ ಗಾಳಿಯ ಜಾಗದಲ್ಲಿ ಗಾಜಿಗೆ ಸಮೀಪದ ಸೂಚ್ಯಂಕದ ಎಣ್ಣೆ ಬಂದಂತಾಯಿತು. ಇಳಿಜಾರು ಮುಚ್ಚಿಹೋಗಿ ಪುನಃ ಮೆಟ್ಟಿಲು ಬರುತ್ತದೆ. ಒರೆಸಲು ಹೋದರೆ ಉಬ್ಬುಗಳೇ ಮುರಿಯಬಹುದು. ಆದ್ದರಿಂದ ಇವನ್ನು ಒಳಗಿನ, ಕೈಗೆ ಸಿಗದ ಮೇಲ್ಮೈಗಳಿಗಷ್ಟೇ ಹಾಕುತ್ತಾರೆ. ಬಿಸಿಲಿಗೆ, ಧೂಳಿಗೆ, ಬೆರಳಿಗೆ ಒಡ್ಡಿಕೊಂಡ ಮುಂಭಾಗದ ಗಾಜಿಗೆ ಹಳೆಯ ಬಹುಪದರ ಲೇಪವೇ ಗತಿ. ಜಾಹೀರಾತಿನಲ್ಲಿ ಪತಂಗದ ಕಣ್ಣಿನ ಚಿತ್ರದ ಪಕ್ಕದಲ್ಲಿ ಹೊಳೆಯುವ ಮುಂಭಾಗದ ಗಾಜನ್ನು ತೋರಿಸಿದಾಗ ಈ ಸಂಗತಿ ಮರೆಯಾಗುತ್ತದೆ.

ಗಾಜಿನಾಚೆಯ ಮೇಲ್ಮೈಗಳು

ಈಗ ಮೂರನೆಯ ಹೇಳಿಕೆಗೆ ಬರೋಣ. ದಾರಿತಪ್ಪಿದ ಬೆಳಕೆಲ್ಲ ಗಾಜಿನ ಮುಖಗಳಿಂದಲೇ ಹುಟ್ಟುವುದಿಲ್ಲ. ಲೆನ್ಸಿನ ಕೊಳವೆಯ ಒಳಗೋಡೆ, ಮಸೂರಗಳ ಅಂಚು, ಡಯಾಫ್ರಂನ ಅಲಗುಗಳು, ಕೊನೆಗೆ ಸಂವೇದಕ ಮತ್ತು ಅದರ ಮುಂದಿನ ಗಾಜು, ಇವೆಲ್ಲವೂ ಪಾಲುದಾರರು.

'ಒಳಗೋಡೆಗೆ ಕಪ್ಪು ಬಣ್ಣ ಹಚ್ಚಿದರೆ ಸಾಕು' ಎಂದು ತೋರಬಹುದು. ಇಲ್ಲಿಯೂ ಫ್ರೆನೆಲ್ ಸೂತ್ರವೇ ಅಡ್ಡ ಬರುತ್ತದೆ. ಬಣ್ಣದ ಸೂಚ್ಯಂಕ 1.5 ಎಂದಿಟ್ಟುಕೊಳ್ಳಿ. ನುಣುಪಾದ ಕಪ್ಪು ಮೇಲ್ಮೈಗೆ ಲಂಬವಾಗಿ ಬಿದ್ದ ಬೆಳಕಿನಲ್ಲಿ ಶೇಕಡ 4 ಮಾತ್ರ ಪ್ರತಿಫಲಿಸುತ್ತದೆ. ಪತನ ಕೋನ 80 ಡಿಗ್ರಿ ಆದಾಗ ಶೇಕಡ 39. 85 ಡಿಗ್ರಿ ಆದಾಗ ಶೇಕಡ 61. ಕೊಳವೆಯ ಉದ್ದಕ್ಕೂ ಸವರಿಕೊಂಡು ಹೋಗುವ ಕಿರಣಕ್ಕೆ ಕಪ್ಪು ಗೋಡೆಯೂ ಕನ್ನಡಿಯೇ. ಬಣ್ಣ ಹೀರುವುದು ಅದರೊಳಗೆ ಹೊಕ್ಕ ಬೆಳಕನ್ನು. ಹೊಕ್ಕದೆ ಜಾರಿಹೋದ ಬೆಳಕನ್ನು ಅದು ಏನೂ ಮಾಡಲಾರದು.

ಹೀಗಾಗಿ ಒಳಗೋಡೆಯಲ್ಲಿ ತಿರುಪಿನ ಎಳೆಗಳಂಥ ಗೀರುಗಳನ್ನು ಕೊರೆಯುತ್ತಾರೆ. ಸವರಿ ಬಂದ ಕಿರಣ ಗೀರಿನ ಗೋಡೆಗೆ ಹೆಚ್ಚು ಕಡಿಮೆ ಎದುರಾಗಿ ಬೀಳುತ್ತದೆ, ಬಹುಪಾಲು ಹೀರಲ್ಪಡುತ್ತದೆ, ಉಳಿದದ್ದು ಎದುರಿನ ಗೋಡೆಗೆ ಬಡಿದು ಇನ್ನಷ್ಟು ಕ್ಷೀಣಿಸುತ್ತದೆ. ಇದೂ ಮೇಲ್ಮೈಯನ್ನು ಒರಟು ಮಾಡುವ ತಂತ್ರವೇ. ಆದರೆ ಅಳತೆ ಪತಂಗದ ಉಬ್ಬಿಗಿಂತ ಸಾವಿರಾರು ಪಟ್ಟು ದೊಡ್ಡದು, ತತ್ತ್ವ ಪೂರ್ತಿ ಬೇರೆ. ಮಸೂರದ ಅಂಚಿಗೆ ಹಚ್ಚುವ ಕಪ್ಪಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ ಬಣ್ಣದ ಸೂಚ್ಯಂಕ ಗಾಜಿನ ಸೂಚ್ಯಂಕಕ್ಕೆ ಹತ್ತಿರವಿರಬೇಕು. ಇಲ್ಲವಾದರೆ ಬೆಳಕು ಗಾಜಿನಿಂದ ಬಣ್ಣದೊಳಗೆ ಹೋಗದೆ ಒಳಗೇ ಪ್ರತಿಫಲಿಸುತ್ತದೆ. 2014ರಲ್ಲಿ ಸುದ್ದಿಯಾದ ವಾಂಟಾಬ್ಲ್ಯಾಕ್‌ನಂಥ ಇಂಗಾಲದ ನ್ಯಾನೋನಳಿಕೆಗಳ ಲೇಪ ಶೇಕಡ 99.9ಕ್ಕೂ ಹೆಚ್ಚು ಬೆಳಕನ್ನು ಹೀರುತ್ತದೆ ನಿಜ. ಆದರೆ ಅದೂ ಸ್ಪರ್ಶಕ್ಕೆ ಹಾಳಾಗುವಂಥದ್ದು.

ದಾರಿತಪ್ಪಿದ ಬೆಳಕಿನ ವಿರುದ್ಧದ ಅತಿ ಕಠಿಣ ಹೋರಾಟ ಕ್ಯಾಮೆರಾದಲ್ಲಿ ನಡೆಯುವುದಲ್ಲ, ಕರೋನಾದರ್ಶಕದಲ್ಲಿ. ಸೂರ್ಯನ ಅಂಚಿನ ಬಳಿಯ ಕರೋನಾ ಸೂರ್ಯಬಿಂಬಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂಕು. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಗಾಗಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ ಹೊಸಕೋಟೆ ಕೇಂದ್ರದಲ್ಲಿ ಸಿದ್ಧಪಡಿಸಿದ ಕರೋನಾದರ್ಶಕದಲ್ಲಿ ಮೊದಲ ಕನ್ನಡಿಯನ್ನು ಅಸಾಧಾರಣ ನುಣುಪಿಗೆ ಉಜ್ಜಲಾಗಿದೆ. ಸೂರ್ಯಬಿಂಬದ ಬೆಳಕನ್ನು ಎರಡನೆಯ ಕನ್ನಡಿಯ ನಡುವಿನ ರಂಧ್ರದ ಮೂಲಕ ಹಾಯಿಸಿ ಉಪಕರಣದಿಂದ ಹೊರಗೆ ಕಳಿಸುವ ಏರ್ಪಾಡಿದೆ. ಅಲ್ಲಿ ಒರಟು ಶತ್ರು, ನುಣುಪು ಮಿತ್ರ. ಬೇಡದ ಬೆಳಕನ್ನು ಹೀರುವುದಕ್ಕಿಂತ ಹೊರಗಟ್ಟುವುದು ಮೇಲು. ಒಂದೇ ಸಮಸ್ಯೆಗೆ ಸಂದರ್ಭಕ್ಕೆ ತಕ್ಕಂತೆ ವಿರುದ್ಧ ಪರಿಹಾರಗಳು ಬೇಕಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಯಾವ ಅಂಕಿಯನ್ನು ಕೇಳಬೇಕು?

ತಯಾರಕರು ಕೊಡುವ ಅಂಕಿ ಸಾಮಾನ್ಯವಾಗಿ ಒಂದು ಲೇಪಿತ ಮೇಲ್ಮೈಯ ಪ್ರತಿಫಲನ. ಬಳಕೆದಾರನಿಗೆ ಬೇಕಾದ ಅಂಕಿ ಇಡೀ ಲೆನ್ಸಿನ ಬೆಳಕಿನ ಮುಸುಕು. ಇದನ್ನು ಅಳೆಯುವ ಕ್ರಮವನ್ನು ಅಂತರರಾಷ್ಟ್ರೀಯ ಮಾನಕ ಐಎಸ್‌ಒ 9358 1994ರಲ್ಲೇ ನಿಗದಿಪಡಿಸಿದೆ. ಸಮನಾಗಿ ಬೆಳಗಿದ ವಿಶಾಲ ಹಿನ್ನೆಲೆಯ ನಡುವೆ ಅತಿ ಕಪ್ಪಾದ ಚುಕ್ಕೆಯನ್ನಿಟ್ಟು, ಅದರ ಬಿಂಬದಲ್ಲಿ ಬಿದ್ದ ಬೆಳಕು ಹಿನ್ನೆಲೆಯ ಬಿಂಬದ ಶೇಕಡ ಎಷ್ಟು ಎಂದು ನೋಡುವುದು ಅದರ ಒಂದು ಮುಖ್ಯ ವಿಧಾನ. ಗಾಜು, ಗೋಡೆ, ಅಂಚು, ಧೂಳು ಎಲ್ಲವುಗಳ ಕೊಡುಗೆಯೂ ಈ ಒಂದು ಅಂಕಿಯಲ್ಲಿ ಸೇರುತ್ತದೆ.

ಈ ಅಂಕಿಯ ಮಹತ್ವವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ದೃಶ್ಯದ ಅತಿ ಬೆಳ್ಳನೆಯ ಭಾಗ 1000 ಏಕಮಾನ, ಅತಿ ಕಪ್ಪು ಭಾಗ 1 ಏಕಮಾನ ಇರಲಿ. ದೃಶ್ಯದ ಬಹುಭಾಗ ಬೆಳ್ಳಗಿದ್ದು ಮುಸುಕು ಶೇಕಡ 1 ಆದರೆ ಎಲ್ಲೆಡೆ 10 ಏಕಮಾನ ಸೇರುತ್ತದೆ. ಆಗ ಅನುಪಾತ 1010ಕ್ಕೆ 11, ಅಂದರೆ ಸುಮಾರು 92. ಸಾವಿರಕ್ಕೆ ಒಂದಿದ್ದ ವ್ಯತ್ಯಾಸ ತೊಂಬತ್ತೆರಡಕ್ಕೆ ಒಂದಾಯಿತು. ಸಂವೇದಕ ಎಷ್ಟೇ ಉತ್ತಮವಾಗಿದ್ದರೂ ಈ ನಷ್ಟವನ್ನು ತುಂಬಿಕೊಡಲಾರದು.

ಈಚಿನ ಮೊಬೈಲ್ ಫೋನುಗಳಲ್ಲಿ ತಂತ್ರಾಂಶವೇ ಹುಸಿಬಿಂಬದ ಚುಕ್ಕೆಯನ್ನು ಗುರುತಿಸಿ ಅಳಿಸುವುದುಂಟು. ಇದನ್ನು ಪರಿಹಾರ ಎನ್ನುವ ಮುನ್ನ ಯೋಚಿಸಬೇಕು. ಅಳಿಸಿದ ಜಾಗದಲ್ಲಿ ತುಂಬಿದ್ದು ಕ್ಯಾಮೆರಾ ಕಂಡದ್ದಲ್ಲ, ತಂತ್ರಾಂಶ ಊಹಿಸಿದ್ದು. ಹುಟ್ಟುಹಬ್ಬದ ಫೋಟೋದಲ್ಲಿ ಇದರಿಂದ ಹಾನಿಯಿಲ್ಲ. ಆಕಾಶದ ಚಿತ್ರದಲ್ಲಿ, ಅಪಘಾತದ ಸ್ಥಳದ ಚಿತ್ರದಲ್ಲಿ, ಪ್ರಯೋಗದ ದಾಖಲೆಯಲ್ಲಿ ಚುಕ್ಕೆಯೊಂದು ನಿಜವೋ ಹುಸಿಯೋ ಎಂಬುದು ನೋಡುವವನ ತೀರ್ಮಾನಕ್ಕೆ ಉಳಿದಿರಬೇಕು. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಫೋಟೋದಲ್ಲಿ ಕಂಡ ಹುಸಿಬಿಂಬವನ್ನು ಹಾರುವ ತಟ್ಟೆಯೆಂದೋ ಪ್ರೇತವೆಂದೋ ನಂಬಿಸುವವರ ಮುಂದೆ 435 ಜೋಡಿಗಳ ಲೆಕ್ಕ ಗೊತ್ತಿರುವ ವಿದ್ಯಾರ್ಥಿ ಸುಮ್ಮನೆ ಕೂರುವುದಿಲ್ಲ.

ತರಗತಿಯಲ್ಲಿ ಮಾಡಬಹುದಾದದ್ದು

ಒಂದು ಡಬ್ಬದ ಒಳಗೆಲ್ಲ ಕಪ್ಪು ಕಾಗದ ಅಂಟಿಸಿ, ಮುಂಭಾಗಕ್ಕೆ ಬಿಳಿ ಹಾಳೆ ಹಚ್ಚಿ, ನಡುವೆ ಎರಡು ಸೆಂಟಿಮೀಟರ್ ತೂತು ಮಾಡಿ. ತೂತಿನ ಒಳಗಿನ ಕತ್ತಲು ಯಾವ ಕಪ್ಪು ಬಣ್ಣಕ್ಕಿಂತಲೂ ಕಪ್ಪು. ಹಾಳೆಯನ್ನು ಚೆನ್ನಾಗಿ ಬೆಳಗಿಸಿ ಫೋಟೋ ತೆಗೆಯಿರಿ. ನಂತರ ಲೆನ್ಸಿನ ಮುಖಕ್ಕೆ ಬೆರಳು ಒತ್ತಿ ಅದೇ ಚಿತ್ರ ತೆಗೆಯಿರಿ. ಒರೆಸಿ ಮತ್ತೊಮ್ಮೆ ತೆಗೆಯಿರಿ. ತೂತಿನ ಕಪ್ಪು ಎಷ್ಟು ಬೂದಾಯಿತು ಎಂಬುದನ್ನು ಕಂಪ್ಯೂಟರಿನಲ್ಲಿ ಹೋಲಿಸಿ. ಕ್ಯಾಮೆರಾ ಚಿತ್ರವನ್ನು ಸಂಸ್ಕರಿಸಿಯೇ ಕೊಡುವುದರಿಂದ ಈ ಅಂಕಿಗಳು ಹೋಲಿಕೆಗಷ್ಟೇ, ಮಾನಕ ಅಳತೆಗಲ್ಲ. ಎರಡನೆಯ ಪ್ರಯೋಗ ಇನ್ನೂ ಸುಲಭ. ಹೊಳಪಿನ ಕಪ್ಪು ಹಾಳೆಯನ್ನು ಕೊಳವೆಯಂತೆ ಸುತ್ತಿ ದೀಪದ ಕಡೆಗೆ ಹಿಡಿದು ನೋಡಿ. ಒಳಗೋಡೆ ಬೆಳ್ಳಗೆ ಹೊಳೆಯುತ್ತದೆ. ಅದೇ ಹಾಳೆಯನ್ನು ಅಡ್ಡಡ್ಡ ಒತ್ತೊತ್ತಾಗಿ ಮಡಿಸಿ, ಕೊಳವೆಯ ಸುತ್ತಲೂ ಗೀರುಗಳು ಬರುವಂತೆ ಸುತ್ತಿ ನೋಡಿದರೆ ಹೊಳಪು ಬಹುಮಟ್ಟಿಗೆ ಇಲ್ಲವಾಗುತ್ತದೆ.

ಮೇಲ್ಮೈಯನ್ನು ನ್ಯಾನೋ ಮಟ್ಟದಲ್ಲಿ ತಿದ್ದುವ ತಂತ್ರ ದೃಗ್ವಿಜ್ಞಾನದ ನಿಜವಾದ ಸಾಧನೆ. ಓರೆ ಕಿರಣಗಳ ಪ್ರತಿಫಲನವನ್ನು ಅದು ಲೇಪಗಳಿಗಿಂತ ಚೆನ್ನಾಗಿ ನಿಭಾಯಿಸಿದೆ. ಆದರೆ ಒಂದು ಲೆನ್ಸಿನಲ್ಲಿ ಅದು ಸಾಮಾನ್ಯವಾಗಿ ಆಯ್ದ ಕೆಲವು ಒಳ ಮೇಲ್ಮೈಗಳಿಗೆ ಸೀಮಿತ. ಉಳಿದ ಕೆಲಸವನ್ನು ಬಹುಪದರ ಲೇಪ, ಕೊಳವೆಯ ಗೀರು, ಅಂಚಿನ ಕಪ್ಪು, ಮುಂದಿನ ನೆರಳುಪಟ್ಟಿ ಮತ್ತು ಶುಚಿಯಾದ ಒರೆಸುಬಟ್ಟೆ ಹಂಚಿಕೊಂಡು ಮಾಡುತ್ತವೆ. ಪಠ್ಯಪುಸ್ತಕದಲ್ಲಿ ಕಾಲು ತರಂಗದೂರದ ಪದರದ ಪಾಠ ಮುಗಿದ ಮೇಲೆ ಇಳಿಜಾರಿನ ತತ್ತ್ವಕ್ಕೂ, ಗಾತ್ರದ ಷರತ್ತಿಗೂ ಒಂದು ಪುಟ ಮೀಸಲಿಟ್ಟರೆ ವಿದ್ಯಾರ್ಥಿಗೆ ದೊಡ್ಡ ಲಾಭವಾಗುತ್ತದೆ. ಪತಂಗದ ಕಥೆಯನ್ನು ಅಲ್ಲಿ ಹೇಳಲಿ. ಜೊತೆಗೆ ಉಜ್ಜಿದ ಗಾಜಿನ ಪ್ರಶ್ನೆಯನ್ನೂ ಕೇಳಲಿ.